ತನ್ನ ಕೃತಿಗೆ ತಾನೇ ಸಾಕ್ಷಿ

ಆತ್ಮಸ್ತುತಿ ಸಲ್ಲದೆಂಬುದನ್ನು ನಮ್ಮಲ್ಲಿ ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವವನನ್ನು ಕಂಡು ಹಳ್ಳಿಯ ಮಕ್ಕಳೂ ನಗುತ್ತವೆ. ಆದರೆ ತಾನು ಮಾಡಿದ ಕೆಲಸವನ್ನು ಕುರಿತು ತಾನೇ ಆಡುವ ಮಾತೆಲ್ಲವೂ ಆತ್ಮಸ್ತುತಿಯೇ ಆಗಬೇಕೆ? ಬೇಸಾಯಗಾರನು ತನ್ನ ಹೊಲದ ವಿಷಯವನ್ನು ಹೇಳಿದರೆ ಅದನ್ನು ಅಹಂಕಾರವೆಂದು ನಾವು ಎಣಿಸುವುದಿಲ್ಲ. ವೈದ್ಯನು ತಾನು ಕೊಟ್ಟ ಮದ್ದಿನ ವಿವರವನ್ನು ಹೇಳಿದರೆ ಕಿವಿಗೊಟ್ಟು ಕೇಳುತ್ತೇವೆ. ಚಿತ್ರ ಬರೆದವನು, ಶಿಲ್ಪ ಕಡೆದವನು ಬಾಯಿ ತೆರೆದೊಡನೆ ಮಾತ್ರ ಕೇಳುವವರಿಗೂ ಮುಜುಗರ, ಹೇಳುವವನಿಗೂ ಸಂಕೋಚ. ಈ ಸಂಕೋಚವು ನಿಜವಾದ ವಿನಯವೇ, ಅಥವಾ ವಿನಯದ ವೇಷವನ್ನು ತೊಟ್ಟ ಬೇರೆ ಏನಾದರೂ ಆಗಿದೆಯೇ ಎಂಬುದು ವಿಚಾರಿಸತಕ್ಕ ವಿಷಯ.

ಈ ವಿಚಾರಕ್ಕೆ ಒಂದು ನಿಮಿತ್ತವುಂಟು. ದಂಡಿನಶಿವರದ ಸೀಮೆಯಲ್ಲಿ ಬಹುಕಾಲ ಚಿತ್ರಕಲೆಯನ್ನು ಬೋಧಿಸಿ ನಿವೃತ್ತರಾದ ಉಪಾಧ್ಯಾಯರೊಬ್ಬರು ತೆಂಗಿನ ಕರಟದ ಚೂರುಗಳನ್ನು ಹಲಗೆಯ ಮೇಲೆ ಜೋಡಿಸಿ ಒಂದು ದೊಡ್ಡ ದೃಶ್ಯವನ್ನು ರಚಿಸಿದ್ದಾರೆ. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ. ನೀರಿಲ್ಲದ ಕೆರೆಯ ಅಂಗಳ, ಅದರಾಚೆ ಗರಿ ಜೋತ ತೆಂಗಿನ ಸಾಲು. ಇಷ್ಟೇ ಅದರ ವಸ್ತು. ಬಣ್ಣವೆಂಬುದು ಎಲ್ಲಿಯೂ ಇಲ್ಲ. ಕರಟದ ಕಂದು, ಕಪ್ಪು, ತಿಳಿಹಳದಿಯ ಛಾಯೆಗಳಲ್ಲಿಯೇ ಬಿಸಿಲೂ ನೆರಳೂ ಮೂಡಿವೆ. ಕಲೆಗೆ ಮೀಸಲಾದ ಒಂದು ಪತ್ರಿಕೆಯವರು ಇದನ್ನು ನೋಡಿ, ‘ತಮ್ಮ ಕೃತಿಯನ್ನು ಕುರಿತು ತಾವೇ ಒಂದು ಲೇಖನವನ್ನು ಬರೆದು ಕಳುಹಿಸಬೇಕು’ ಎಂದು ಕೇಳಿಕೊಂಡರು. ಉಪಾಧ್ಯಾಯರು ಒಂದರ ಹಿಂದೆ ಒಂದರಂತೆ ಎರಡು ಕರಡುಗಳನ್ನು ಸಿದ್ಧಪಡಿಸಿದರು. ಎರಡನ್ನೂ ಓದುವ ಅವಕಾಶ ನನಗೆ ದೊರೆಯಿತು.

ಮೊದಲನೆಯದು ಹತ್ತು ಪುಟಗಳಷ್ಟಿತ್ತು. ಅವ್ಯಕ್ತದ ಸ್ಪಂದನ, ಅಸ್ತಿತ್ವದ ಅನ್ವೇಷಣೆ, ಶೂನ್ಯದೊಡನೆ ಸಂವಾದ ಮುಂತಾದ ಮಾತುಗಳು ಅದರಲ್ಲಿ ತುಂಬಿದ್ದವು. ಹತ್ತು ಪುಟಗಳನ್ನು ಮುಗಿಸಿದ ಮೇಲೆಯೂ ಕೃತಿಯು ಕಲ್ಲಿನದೋ, ಬಟ್ಟೆಯದೋ, ಕರಟದ್ದೋ ಎಂಬುದು ಓದುಗನಿಗೆ ತಿಳಿಯುವಂತಿರಲಿಲ್ಲ. ಎರಡನೆಯದು ಆರೇ ಸಾಲು. ‘ಇದರಲ್ಲಿ ನನ್ನದೆಂಬುದು ಏನೂ ಇಲ್ಲ, ಎಲ್ಲವೂ ಗುರುಕೃಪೆ, ನಾನು ನಿಮಿತ್ತಮಾತ್ರ’ ಎಂಬುದು ಅದರ ಸಾರ. ನೋಡುವವರಿಗೆ ಒಂದು ಅಹಂಕಾರದ ಬರಹ, ಇನ್ನೊಂದು ವಿನಯದ ಬರಹ. ವಿಚಾರಿಸಿ ನೋಡಿದರೆ ಎರಡೂ ಒಂದೇ ಕೆಲಸವನ್ನು ಮಾಡಿವೆ. ಆ ಹಲಗೆಯ ಮುಂದೆ ಕುಳಿತು ಆ ಮನುಷ್ಯನು ಏನು ಮಾಡಿದನೆಂಬುದನ್ನು ಎರಡೂ ಮರೆಮಾಡಿವೆ. ಗುರುಕೃಪೆಯನ್ನು ಅಲ್ಲಗಳೆಯುವವರು ಯಾರು? ಆದರೆ ಅಂಟು ಯಾವುದೆಂದು ಕೇಳಿದವನಿಗೆ ಗುರುಕೃಪೆಯೆಂದು ಉತ್ತರ ಕೊಡಲಾಗದು.

ಮಾಡಿದವನು ಬಾಯಿ ಬಿಡದಿದ್ದರೆ ಆಗುವ ನಷ್ಟವೇನೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ತುರುವೇಕೆರೆಯ ಗಂಗಾಧರೇಶ್ವರನ ಎದುರಿಗಿರುವ ಕರಿಕಲ್ಲಿನ ನಂದಿಯನ್ನು ನೋಡಿದವರೆಲ್ಲರೂ ಅದರ ಹೊಳಪಿಗೆ ಬೆರಗಾಗುತ್ತಾರೆ. ಅಷ್ಟು ಗಡುಸಾದ ಕಲ್ಲಿಗೆ ಆ ನುಣುಪನ್ನು ತಂದ ಬಗೆ ಎಂತಹುದು? ಯಾವುದರಿಂದ ಉಜ್ಜಿದರು, ಎಷ್ಟು ತಿಂಗಳು ಉಜ್ಜಿದರು, ಎಷ್ಟು ಜನ ಕುಳಿತರು? ಮಾಡಿದವರ ಮಾತಿನಲ್ಲಿ ಒಂದಕ್ಷರವೂ ನಮಗೆ ಉಳಿದುಬಂದಿಲ್ಲ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಚೆನ್ನಕೇಶವಾಲಯದಲ್ಲಿ ಹೊನೋಜನೆಂಬ ರೂವಾರಿಯ ಹೆಸರು ಉಳಿದಿದೆ. ಹೆಸರುಂಟು, ಕಣ್ಣಿಗೆ ಹಬ್ಬವಾದ ಕೆಲಸವುಂಟು. ನಡುವೆ ಇದ್ದ ವಿದ್ಯೆ ಹೊನೋಜನ ಕೈಯೊಡನೆಯೇ ಹೋಯಿತು.

ಆ ಶಿಲ್ಪಿಗಳು ವಿನಯದಿಂದ ಸುಮ್ಮನಿದ್ದರೆಂದು ಭಾವಿಸಿದರೆ ಅದೂ ಸರಿಯಲ್ಲ. ಕ್ರಿ.ಶ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಅಲ್ಲಿನ ರೂವಾರಿಗಳ ಹೆಸರಿನೊಡನೆ ಬಿರುದುಗಳೂ ಇವೆ. ಬಿರುದು ಹೊತ್ತ ಇತರ ಶಿಲ್ಪಿಗಳನ್ನು ಮುರಿಯಬಲ್ಲವರು ತಾವೆಂಬ ಅರ್ಥದ ಬಿರುದುಗಳು. ಗಮನಿಸಬೇಕು: ಕಲ್ಲಿನ ಮೇಲೆ ಬಿರುದಿಗೆ ಸ್ಥಳ ದೊರಕಿತು, ಕೆಲಸದ ಕ್ರಮಕ್ಕೆ ದೊರಕಲಿಲ್ಲ. ಅದೇ ಕಾಲಕ್ಕೆ ಸೇರಿದ ಇನ್ನೊಂದು ಉದಾಹರಣೆಯನ್ನು ಇದರ ಪಕ್ಕದಲ್ಲಿ ಇಡಬಹುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಮುಗಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕರ್ಮಕ್ಕೆಂದೇ ಒಂದು ಭಾಗವಿದೆ. ಗೋಡೆಯನ್ನು ಹದಗೊಳಿಸುವುದು ಹೇಗೆ, ಎಮ್ಮೆಯ ಚರ್ಮವನ್ನು ಕುದಿಸಿ ವಜ್ರಲೇಪವನ್ನು ಮಾಡುವುದು ಹೇಗೆ ಎಂಬುದೆಲ್ಲ ಅಲ್ಲಿ ಬರೆದಿದೆ. ನಮ್ಮ ಬಡಗಿಗಳ ಬಾಯಲ್ಲಿ ಮರವಜ್ರವೆಂಬ ಮಾತನ್ನು ಕೇಳಿದಾಗ ಅದು ನೆನಪಾಗದಿರದು. ಬರೆದವನು ಅರಸ, ಕುದಿಸಿದವನು ಬೇರೆ. ಆದರೂ ಬರೆದಿಟ್ಟದ್ದರಿಂದ ಒಂಬತ್ತು ಶತಮಾನಗಳ ಮೇಲೆ ನಾವು ಅದನ್ನು ಓದುತ್ತಿದ್ದೇವೆ.

ಮಾತು ಬರಿದಾದ ಕಡೆಯಲ್ಲಿ ಕಥೆ ಬೆಳೆಯುತ್ತದೆ. ತುಮಕೂರಿನ ಬಳಿಯ ಕೈದಾಳ ಇದಕ್ಕೆ ಸಾಕ್ಷಿ. ಜಕಣಾಚಾರಿ ಎಂಬ ಹೆಸರು ಒಬ್ಬ ವ್ಯಕ್ತಿಯದಾಗಿತ್ತೆಂಬುದಕ್ಕೆ ಶಾಸನಗಳ ಬೆಂಬಲವಿಲ್ಲ. ದಕ್ಷಿಣಾಚಾರ್ಯ ಎಂಬುದರಿಂದ ಆ ಮಾತು ಬಂದಿರಬಹುದೆಂದು ವಿದ್ವಾಂಸರು ಊಹಿಸಿದ್ದಾರೆ. ಆದರೂ ನಮ್ಮ ಸೀಮೆಯಲ್ಲಿ ಆ ಕಥೆಯನ್ನು ಅರಿಯದವರಿಲ್ಲ. ನಾನು ಇಲ್ಲಿ ಅದನ್ನು ಎತ್ತಿದ್ದು ಬೇರೊಂದು ಕಾರಣದಿಂದ. ತಂದೆಯೆಂದರಿಯದೆ ತಂದೆಯ ಎದುರಿಗೆ ನಿಂತ ಹುಡುಗನು, ಬೇಲೂರಿನ ವಿಗ್ರಹದಲ್ಲಿ ದೋಷವಿದೆಯೆಂದನಲ್ಲವೆ? ಹಾಗೆಂದವನು ತಾನು ಅವರಿಗಿಂತ ದೊಡ್ಡ ಶಿಲ್ಪಿಯೆಂದು ವಾದಿಸಲಿಲ್ಲ. ವಿಗ್ರಹಕ್ಕೆ ಗಂಧವನ್ನು ಲೇಪಿಸಿದನು. ಎಲ್ಲೆಡೆಯೂ ಒಣಗಿತು, ಹೊಕ್ಕುಳ ಬಳಿ ಮಾತ್ರ ಹಸಿಯಾಗಿಯೇ ಉಳಿಯಿತು. ‘ಇಲ್ಲಿ ನೋಡಿ, ಒಣಗಿಲ್ಲ’ ಎಂಬುದಷ್ಟೇ ಅವನ ಮಾತು. ಉಳಿದುದನ್ನು ಉಳಿಯೂ ಕಪ್ಪೆಯೂ ಹೇಳಿದವು. ಕಥೆಯನ್ನು ಕಟ್ಟಿದ ಜನಕ್ಕೆ ತಂದೆಯ ಶಪಥವೇ ಮುಖ್ಯವಾಗಿ ತೋರಿತು, ಕಡಿದ ಕೈ ಮರಳಿ ಬಂದದ್ದೇ ಊರಿನ ಹೆಸರಾಯಿತು. ನನಗಾದರೋ ಆ ಹುಡುಗನ ಮಾತಿನ ರೀತಿಯೇ ಹೆಚ್ಚು ಮೆಚ್ಚಿಗೆಯಾಗಿದೆ.

ಆ ರೀತಿಗೆ ಸಾಕ್ಷಿ ಎಂದು ಹೆಸರು. ನ್ಯಾಯಸ್ಥಾನದಲ್ಲಿ ಸಾಕ್ಷಿಯು ಕಂಡುದನ್ನು ಹೇಳಬೇಕು. ತೀರ್ಪು ಹೇಳುವ ಅಧಿಕಾರ ಅವನದಲ್ಲ. ಸಂಕೋಚದಿಂದ ಸಾಕ್ಷಿ ಹೇಳದೆ ಹೋದರೆ ಅದನ್ನು ವಿನಯವೆನ್ನುವುದಿಲ್ಲ, ಕರ್ತವ್ಯಲೋಪವೆನ್ನುತ್ತೇವೆ. ತನ್ನ ಕೃತಿಯನ್ನು ಕುರಿತು ಬರೆಯುವ ಕಲಾವಿದನ ಸ್ಥಾನ ಇದೇ. ನಮ್ಮ ಕಡೆಯವರಿಗೆ ಇದನ್ನು ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಮಾತಿನಲ್ಲಿ ಹೇಳಿದರೆ ಇನ್ನೂ ಸುಲಭವಾದೀತು. ಕಾಯಿ ಅಟ್ಟದ ಮೇಲೆ ಹತ್ತು ತಿಂಗಳಿತ್ತೋ ಹನ್ನೊಂದು ತಿಂಗಳಿತ್ತೋ, ಮಳೆಯ ನೀರು ಸೋರಿತ್ತೋ ಇಲ್ಲವೋ, ಇದನ್ನು ಬೆಳೆಗಾರನೇ ಹೇಳಬೇಕು, ಬೇರೆ ಯಾರೂ ಹೇಳಲಾರರು. ಉಂಡೆ ಕೊಬ್ಬರಿಯ ಬೆಲೆಯನ್ನಾದರೋ ಅವನು ಹೇಳುವಂತಿಲ್ಲ; ಅದನ್ನು ಕೊಳ್ಳುವವರು ಹೇಳುತ್ತಾರೆ. ಉಪಾಧ್ಯಾಯರ ಮೊದಲನೆಯ ಕರಡು ಬೆಲೆಯನ್ನು ತಾನೇ ಕೂಗಿತ್ತು. ಎರಡನೆಯದು ಅಟ್ಟದ ವಿಷಯವನ್ನೂ ಹೇಳಲೊಲ್ಲದೆ ಕುಳಿತಿತ್ತು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಶರಣರು ತಮ್ಮ ವಚನಗಳ ಕೊನೆಯಲ್ಲಿ ತಮ್ಮ ಹೆಸರನ್ನು ಇಡದೆ ಇಷ್ಟದೈವದ ಹೆಸರನ್ನು ಇಟ್ಟರಲ್ಲ. ‘ನಾನು’ ಎಂಬುದನ್ನು ಅಳಿಸುವುದೇ ನಮ್ಮ ಸಂಪ್ರದಾಯವಲ್ಲವೆ? ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮಪ್ರಭುಗಳಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ. ನಿಜ. ಆದರೆ ಆ ಸಾಲಿನಲ್ಲಿಯೇ ಅಂಬಿಗರ ಚೌಡಯ್ಯನವರೂ ಇದ್ದಾರೆ. ಅವರ ವಚನಗಳ ಅಂಕಿತ ಅವರದೇ ಹೆಸರು, ಅದೂ ಕಸುಬಿನೊಡನೆ. ಅವರನ್ನು ಅಹಂಕಾರಿಯೆಂದು ಯಾರೂ ಪಂಕ್ತಿಯಿಂದ ಎಬ್ಬಿಸಲಿಲ್ಲ. ಹೆಸರು ಇಡುವುದು, ಇಡದಿರುವುದು ಇಲ್ಲಿಯ ಪ್ರಶ್ನೆಯೇ ಅಲ್ಲವೆಂದು ಇದರಿಂದ ತಿಳಿಯುತ್ತದೆ. ಇನ್ನೊಂದು ಮಾತು. ದೋಣಿ ನಡೆಸುವವರು, ಹಗ್ಗ ಹೊಸೆಯುವವರು, ಬಟ್ಟೆ ಮಡಿ ಮಾಡುವವರು, ನೇಯುವವರು ಬಾಯಿ ತೆರೆದು ಮಾತನಾಡಿದ ಕಾಲ ಅದು. ಅವರು ತಮ್ಮ ಕಸುಬಿನ ಮಾತನ್ನು ಮುಚ್ಚಿಡಲಿಲ್ಲ. ಆ ಮಾತಿನಲ್ಲಿಯೇ ಅನುಭಾವವನ್ನು ಹೇಳಿದರು. ನುಲಿಯ ಚಂದಯ್ಯನವರ ಹೆಸರಿನಲ್ಲಿಯೇ ಹುರಿಯ ಎಳೆಗಳಿವೆ. ತೆಂಗಿನ ನಾರಿನ ಸೀಮೆಯಲ್ಲಿ ಬಾಳುವ ನಾವು ಅವರನ್ನು ನೆನೆದು, ಕೆಲಸವನ್ನು ಕುರಿತು ಮಾತನಾಡುವುದು ಕೀಳೆಂದು ಭಾವಿಸುವುದು ವಿಚಿತ್ರವೇ ಸರಿ.

ಸಾಕ್ಷಿಯ ಮಾತನ್ನು ಒಪ್ಪಿಕೊಂಡ ಮೇಲೆ ಕಷ್ಟವು ಮುಗಿಯಿತೆಂದಲ್ಲ. ನಿಜವಾದ ಕಷ್ಟ ಆಗಲೇ ಪ್ರಾರಂಭವಾಗುತ್ತದೆ. ಉಪಾಧ್ಯಾಯರ ಕೃತಿಯಲ್ಲಿ ಬಳಸಿದ ಕರಟಗಳೆಲ್ಲವೂ ಸಣ್ಣ ಕಾಯಿಗಳವು. ನುಸಿಪೀಡೆಯ ವಿಷಯ ವಾಚಕರಿಗೆ ತಿಳಿದದ್ದೇ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ಆ ಕಣ್ಣಿಗೆ ಕಾಣದ ಕ್ರಿಮಿಯು ಮುಂದಿನ ವರ್ಷಗಳಲ್ಲಿ ನಮ್ಮ ತೋಟಗಳಿಗೂ ಹಬ್ಬಿ, ಎಳಗಾಯಿಗಳ ತೊಟ್ಟಿನಡಿಯಲ್ಲಿ ಸೇರಿ ರಸ ಹೀರಿ, ಮೈಯೆಲ್ಲ ಕಂದುಗಟ್ಟಿ ಬಿರಿದ ಚಿಕ್ಕ ಚಿಕ್ಕ ಕಾಯಿಗಳನ್ನು ನಮ್ಮ ಪಾಲಿಗೆ ಉಳಿಸಿತು. ಸಾಲ ತೀರಿಸಲಾರದೆ ತಲೆಯ ಮೇಲೆ ಕೈಹೊತ್ತವರನ್ನು ನಾವೆಲ್ಲ ಕಂಡಿದ್ದೇವೆ. ಈ ಚಿತ್ರಫಲಕವನ್ನು ನೋಡಲು ಬಂದವರು, ‘ನುಸಿಗೆ ಸಿಕ್ಕಿದ ಕಾಯಿಯಿಂದಲೇ ನುಸಿಯ ದುಃಖವನ್ನು ಚಿತ್ರಿಸಿದ್ದೀರಿ’ ಎಂದು ಕಣ್ಣೊರೆಸಿಕೊಂಡರು. ಪತ್ರಿಕೆಯವರೂ ಆ ಮಾತನ್ನೇ ಮುಖ್ಯವಾಗಿ ಬರೆಯಬೇಕೆಂದು ಸೂಚಿಸಿದ್ದರು.

ನಡೆದದ್ದು ಹಾಗಲ್ಲ. ಸಣ್ಣ ಕಾಯಿಯ ಕರಟದ ಚೂರಿಗೆ ಬಾಗು ಹೆಚ್ಚು; ಗರಿಯ ಜೋಲನ್ನು ತೋರಿಸಲು ಆ ಬಾಗು ಬೇಕಾಗಿತ್ತು. ಅಲ್ಲದೆ ಅದು ಬಿಟ್ಟಿಯಾಗಿ ಸಿಗುತ್ತಿತ್ತು. ಆರಿಸಿಕೊಳ್ಳುವಾಗ ಅವರ ಮನಸ್ಸಿನಲ್ಲಿದ್ದದ್ದು ಇಷ್ಟೇ. ದುಃಖವನ್ನು ಅವರು ಆಮೇಲೆ ಕಂಡರು, ಇತರರು ತೋರಿಸಿದ ಮೇಲೆ ಕಂಡರು. ಹೀಗಿರುವಾಗ, ರೈತರ ಸಂಕಟದಿಂದ ಬೆಂದು ಈ ಕೃತಿಯನ್ನು ರಚಿಸಿದೆನೆಂದು ಬರೆದರೆ ಯಾರಿಗೆ ನಷ್ಟ? ಓದುಗರ ಮನ ಕರಗುವುದು, ಕೃತಿಗೆ ಗೌರವ ಬರುವುದು, ರೈತರ ವಿಷಯವೂ ನಾಲ್ಕು ಜನರ ಕಣ್ಣಿಗೆ ಬೀಳುವುದು. ಸುಳ್ಳೆಂದು ಸಾಧಿಸಬಲ್ಲವರು ಯಾರೂ ಇಲ್ಲ. ಮನಸ್ಸಿನೊಳಗಿನದಕ್ಕೆ ಬೇರೊಬ್ಬ ಸಾಕ್ಷಿ ಎಲ್ಲಿ?

ನನ್ನ ಅಭಿಪ್ರಾಯದಲ್ಲಿ ಆ ಕಾರಣದಿಂದಲೇ ಅದು ಮಿಕ್ಕ ಸುಳ್ಳುಗಳಿಗಿಂತ ಹೆಚ್ಚಿನದು. ಒಬ್ಬನೇ ಸಾಕ್ಷಿ ಇರುವ ಕಡೆಯಲ್ಲಿ ಆ ಒಬ್ಬನೂ ಕೆಟ್ಟರೆ ಸತ್ಯಕ್ಕೆ ನಿಲ್ಲಲು ನೆಲೆಯೇ ಇಲ್ಲ. ಅಷ್ಟೇ ಅಲ್ಲ. ಆ ದುಃಖ ಅವರದಲ್ಲ, ಕಾಯಿಯನ್ನು ಕಳೆದುಕೊಂಡವನದು. ಅನುಭವಿಸಿದವನು ಹಳ್ಳಿಯಲ್ಲಿ ಹೆಸರಿಲ್ಲದೆ ಕುಳಿತಿರಲು, ಅವನ ಕಣ್ಣೀರನ್ನು ಬೇರೊಬ್ಬನು ತನ್ನ ಲೇಖನದ ಮೊದಲ ಸಾಲಿನಲ್ಲಿ ಇಟ್ಟು ಮನ್ನಣೆ ಪಡೆಯುವುದು ತೋಟಕ್ಕೆ ನುಗ್ಗಿ ಕಾಯಿ ಕಿತ್ತಂತೆಯೇ. ಬೇಲಿ ಕಾಣದಿರುವುದರಿಂದ ಕಳವು ಅಲ್ಲವೆಂದು ತೋರುತ್ತದೆ, ಅಷ್ಟೆ. ಕೃತಿಯಲ್ಲಿ ದುಃಖವಿಲ್ಲವೆಂದು ನಾನು ಹೇಳುತ್ತಿಲ್ಲ. ಮಾಡಿದವನಿಗೆ ತಿಳಿಯದ ಅರ್ಥಗಳು ಕೃತಿಯಲ್ಲಿ ಇರಬಲ್ಲವು. ಒಳ್ಳೆಯ ಕೃತಿಯ ಲಕ್ಷಣವೇ ಅದು ಎನ್ನಬಹುದು. ಆದ್ದರಿಂದ ಕಾಲವನ್ನು ಬೇರೆಮಾಡಿ ಬರೆಯಬೇಕು. ‘ಮಾಡುವಾಗ ನಾನು ಬಾಗನ್ನು ಮಾತ್ರ ನೋಡಿದೆ, ನೋಡಿದವರು ನುಸಿಯನ್ನು ಕಂಡರು, ಈಗ ನನಗೂ ಅದು ಕಾಣುತ್ತಿದೆ’ ಎಂದು ಮೂರು ವಾಕ್ಯಗಳಲ್ಲಿ ಮುಗಿಯುವ ವಿಷಯ. ಈ ಮೂರು ವಾಕ್ಯಗಳನ್ನು ಬರೆಯಲು ಉಪಾಧ್ಯಾಯರಿಗೆ ಹದಿನೈದು ದಿನ ಹಿಡಿಯಿತು. ಮಧ್ಯದ ವಾಕ್ಯವನ್ನು ಅವರು ಎರಡು ಬಾರಿ ಹೊಡೆದುಹಾಕಿದ್ದರು.

ಕೆಲಸ ನಡೆದ ದಿನಗಳಲ್ಲಿಯೇ ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದರೆ ಈ ತೊಡಕು ಅರ್ಧ ಕಡಮೆಯಾಗುತ್ತಿತ್ತು. ನೆನಪೆಂಬುದು ಒಡೆಯನನ್ನು ಮೆಚ್ಚಿಸುವ ಆಳು. ಮೈಸೂರು ಸಂಸ್ಥಾನದ ಹೆಸರಾಂತ ಚಿತ್ರಕಾರರಾದ ಕೆ. ವೆಂಕಟಪ್ಪನವರು (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತು ಬಂದವರು. ನೀಲಗಿರಿಯ ಅವರ ಜಲವರ್ಣ ದೃಶ್ಯಗಳನ್ನು ಅರಿಯದ ಕಲಾಭಿಮಾನಿಗಳಿಲ್ಲ. ಅವರು ದಿನಚರಿಗಳನ್ನು ಬರೆದಿಟ್ಟಿದ್ದಾರೆ. ಪತ್ರಿಕೆಗೆಂದು ಬರೆದವಲ್ಲ ಅವು. ಆದುದರಿಂದಲೇ ಅವುಗಳನ್ನು ನಂಬುವುದು ಸುಲಭ.

ಗುಬ್ಬಿಯ ವೀರಣ್ಣನವರ (1891–1972) ಮಾರ್ಗ ಬೇರೆ. ನಾಟಕದ ಕಲೆ ರಾತ್ರಿ ಕಳೆದರೆ ಅಳಿದುಹೋಗುವಂಥದು. ಸದಾರಮೆಯ ಕಳ್ಳನಾಗಿ ಅವರು ನಗಿಸಿದ ನಗೆಯನ್ನು ಕಣ್ಣಾರೆ ಕಂಡವರು ಈಗ ಎಲ್ಲಿದ್ದಾರೆ? 1884ರಲ್ಲಿ ಹುಟ್ಟಿದ ಆ ಕಂಪನಿಯನ್ನು ಕಟ್ಟಿ ಬೆಳೆಸಿದ ಅವರ ಆತ್ಮಕಥೆ ‘ಕಲೆಯೇ ಕಾಯಕ’ ಎಂಬ ಹೆಸರಿನಿಂದ ಉಳಿದಿದೆ. ಹೆಸರನ್ನೊಮ್ಮೆ ನೋಡಿ. ಕಲೆಯು ಕಾಯಕವಾದರೆ ಅದರ ಲೆಕ್ಕವನ್ನು ಒಪ್ಪಿಸುವ ಹೊಣೆಯೂ ಇದ್ದೇ ಇರುತ್ತದೆ.

ಲೆಕ್ಕ ಒಪ್ಪಿಸುವುದೆಂಬ ಈ ಭಾವನೆಯಿಂದಲೇ ಹೊರದೇಶದಲ್ಲಿ ಒಂದು ಪತ್ರಿಕೆಯೂ ಹುಟ್ಟಿದೆ. ಫ್ರಾಂಕ್ ಮಲೀನಾ (1912–1981) ಎಂಬವರು ಅಮೆರಿಕದಲ್ಲಿ ರಾಕೆಟ್ಟುಗಳ ಪ್ರಯೋಗ ನಡೆಸಿದ ಇಂಜಿನಿಯರು. ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಸ್ಥಾಪಕರಲ್ಲಿ ಒಬ್ಬರು. ಬಳಿಕ ಪ್ಯಾರಿಸಿಗೆ ಬಂದು ಯುನೆಸ್ಕೊದಲ್ಲಿ ಕೆಲಸ ಮಾಡಿ, ಕೊನೆಗೆ ದೀಪದ ಬೆಳಕೂ ಚಲನೆಯೂ ಸೇರಿದ ಕಲಾಕೃತಿಗಳನ್ನು ರಚಿಸತೊಡಗಿದರು. ವಿಜ್ಞಾನಿಯು ತನ್ನ ಪ್ರಯೋಗವನ್ನು ತಾನೇ ಬರೆದು ಪ್ರಕಟಿಸುತ್ತಾನೆ, ಇತರರು ಅದನ್ನು ಪರೀಕ್ಷಿಸಿ ಮುಂದುವರಿಸುತ್ತಾರೆ; ಕಲಾವಿದನು ಮಾತ್ರ ಏಕೆ ವಿಮರ್ಶಕನ ಬಾಯಿಂದಲೇ ಮಾತನಾಡಬೇಕು ಎಂಬುದು ಅವರ ಪ್ರಶ್ನೆ. 1968ರಲ್ಲಿ ‘ಲಿಯೊನಾರ್ಡೊ’ ಎಂಬ ಪತ್ರಿಕೆಯನ್ನು ಪ್ರಾರಂಭಿಸಿ, ಕಲಾವಿದರು ತಮ್ಮ ಕೃತಿಗಳ ವಿಷಯವನ್ನು ತಾವೇ ಬರೆಯುವಂತೆ ಮಾಡಿದರು. ಅದು ಇಂದಿಗೂ ನಡೆಯುತ್ತಿದೆ. ಕಲೆಯು ಪ್ರಯೋಗಶಾಲೆಯ ವರದಿಯಲ್ಲವೆಂದು ಯಾರಾದರೂ ಹೇಳಬಹುದು. ಅದು ಸರಿಯಾದ ಮಾತೇ. ಅಳತೆ, ಅಂಟು, ತಾರೀಖುಗಳನ್ನು ಕೊಟ್ಟ ಮಾತ್ರಕ್ಕೆ ಕೃತಿಯ ಜೀವವು ಬರಹಕ್ಕೆ ಇಳಿದುಬಿಡುವುದಿಲ್ಲ. ಆದರೆ ಇಳಿಯದೆ ಉಳಿದದ್ದು ಯಾವುದೆಂದು ತಿಳಿಯಬೇಕಾದರೂ, ಇಳಿಸಬಹುದಾದದ್ದನ್ನೆಲ್ಲ ಮೊದಲು ಇಳಿಸಿ ನೋಡಬೇಕಷ್ಟೆ.

ಈ ದೃಷ್ಟಿಯಿಂದ ಉಪಾಧ್ಯಾಯರ ಮೂರನೆಯ ಕರಡಿನಲ್ಲಿ ನನಗೆ ಬಹಳ ಹಿಡಿಸಿದ ಭಾಗ ಒಂದು ಸೋಲಿನ ವರ್ಣನೆ. ಅವರು ಮಾಡಿದ ಮೊದಲನೆಯ ಫಲಕವು ಬೇಸಗೆಯಲ್ಲಿ ಹಾಳಾಯಿತು. ಕರಟದ ಒಳಮೈಯಲ್ಲಿ ಕೊಬ್ಬರಿಯ ಎಣ್ಣೆಯ ಜಿಡ್ಡು ಉಳಿದಿತ್ತು. ಹಲಗೆಯೂ ಬಿಸಿಲಿಗೆ ಸೊಟ್ಟಗಾಯಿತು. ಒಂದೊಂದಾಗಿ ಚೂರುಗಳು ಉದುರಿದವು. ಒಳಮೈಯನ್ನು ಮರಳುಕಾಗದದಿಂದ ಉಜ್ಜಿ ತರಿಮಾಡಿ, ಹಲಗೆಯ ಹಿಂಬದಿಗೆ ಅಡ್ಡಪಟ್ಟಿಗಳನ್ನು ಬಡಿದ ಮೇಲೆ ಎರಡನೆಯದು ನಿಂತಿತು. ಇದನ್ನು ಬರೆಯಲು ಅವರಿಗೆ ಇಷ್ಟವಿರಲಿಲ್ಲ, ಮಾನ ಹೋಗುವುದೆಂಬ ಭಾವನೆ. ಆದರೆ ನಾಳೆ ಚಿಕ್ಕನಾಯಕನಹಳ್ಳಿಯಲ್ಲಿಯೋ ನೊಣವಿನಕೆರೆಯಲ್ಲಿಯೋ ಒಬ್ಬ ಹುಡುಗ ಕರಟದ ಚೂರುಗಳನ್ನು ಹಿಡಿದು ಕುಳಿತಾಗ ಅವನಿಗೆ ಬೇಕಾಗುವುದು ಈ ಒಂದು ಪುಟವೇ. ‘ಅವ್ಯಕ್ತದ ಸ್ಪಂದನ’ದಿಂದ ಅವನ ಚೂರುಗಳು ಹಲಗೆಯ ಮೇಲೆ ನಿಲ್ಲಲಾರವು.

ಇನ್ನು ‘ನಾನು’ ಎಂಬ ಪದದ ವಿಷಯ. ಮಾಡಿದ್ದನ್ನು ಮಾಡಿದೆನೆನ್ನುವಾಗ ಅದು ಬರಲೇಬೇಕು. ‘ರಚಿಸಲ್ಪಟ್ಟಿತು’, ‘ಅಂಟಿಸಲಾಯಿತು’ ಎಂದು ಕರ್ತೃವನ್ನು ಮರೆಸುವುದರಿಂದ ಅಹಂಕಾರವು ಅಳಿಯುವುದಿಲ್ಲ. ಎಲ್ಲವನ್ನೂ ಒಬ್ಬನೇ ಮಾಡಿದನೆಂಬ ಭ್ರಮೆ ಮಾತ್ರ ಓದುಗನಿಗೆ ಉಂಟಾಗುತ್ತದೆ. ಆ ಫಲಕದ ಕೆಲಸ ಒಬ್ಬರಿಂದಾದದ್ದಲ್ಲ. ಕೊಬ್ಬರಿ ಸುಲಿಯುವ ಕಣದಲ್ಲಿ ಕೂಲಿ ಮಾಡುವ ಹೆಂಗಸೊಬ್ಬಳು, ಉಂಡೆಗೆ ಪೆಟ್ಟಾಗದಂತೆ ಕರಟವನ್ನು ಬಿಡಿಸುತ್ತ, ಬಣ್ಣ ನೋಡಿ ಚೂರುಗಳನ್ನು ಬೇರೆ ಬೇರೆ ಚೀಲಗಳಿಗೆ ಹಾಕಿ ಕೊಟ್ಟಿದ್ದಳು. ‘ಮೇಷ್ಟ್ರೇ, ಈ ಕರೀವು ಮಳೆ ಬಿದ್ದ ಅಟ್ಟದ್ದು ಕಣ್ರೀ, ಇವನ್ನ ನೆರಳಿಗೆ ಇಟ್ಕಳಿ’ ಎಂದು ಹೇಳಿದವಳೂ ಅವಳೇ. ದೃಶ್ಯದಲ್ಲಿ ನೆರಳು ಅಷ್ಟು ತಣ್ಣಗೆ ಮೂಡಿರುವುದು ಆ ಚೀಲದಿಂದ. ಮೊದಲನೆಯ ಕರಡಿನಲ್ಲಿ ಅವಳ ಸುಳಿವಿರಲಿಲ್ಲ. ಎರಡನೆಯದರಲ್ಲಿ ಎಲ್ಲವೂ ಗುರುಕೃಪೆಯಾದ್ದರಿಂದ ಅಲ್ಲಿಯೂ ಅವಳಿಗೆ ಸ್ಥಳವಿರಲಿಲ್ಲ. ಮೂರನೆಯದರಲ್ಲಿ ಸಾಮಗ್ರಿಯ ವಿವರ ಬರುವ ಕಡೆಯಲ್ಲಿಯೇ ಅವಳ ಹೆಸರನ್ನೂ ಅವಳು ಹೇಳಿದ ಮಾತನ್ನೂ ಬರೆದು, ಅವಳಿಗೆ ಓದಿ ಹೇಳಿ ಒಪ್ಪಿಗೆ ಪಡೆದಿದ್ದಾರೆ.

ಪತ್ರಿಕೆಯವರಿಗೆ ಸ್ಥಳದ ಅಭಾವವಿರುವುದು ಸಹಜ. ಲೇಖನವನ್ನು ಮೊಟಕು ಮಾಡುವಾಗ ಕತ್ತರಿಗೆ ಮೊದಲು ಸಿಕ್ಕುವುದು ಇಂತಹ ಹೆಸರುಗಳೇ. ಅದಕ್ಕಾಗಿ ಉಪಾಧ್ಯಾಯರು ಲೇಖನದೊಡನೆ ಒಂದು ಚೀಟಿಯನ್ನು ಲಗತ್ತಿಸಿದ್ದಾರೆ: ಜಾಗ ಸಾಲದಿದ್ದರೆ ನನ್ನ ಬಾಲ್ಯದ ಎರಡು ಪುಟಗಳನ್ನು ತೆಗೆದುಹಾಕಬಹುದು, ಭಾವಚಿತ್ರವನ್ನೂ ಬಿಡಬಹುದು, ನಾಲ್ಕನೆಯ ಪುಟದ ಅಂಟಿನ ವಿಷಯವನ್ನೂ ಕರಟ ಆರಿಸಿಕೊಟ್ಟವರ ಹೆಸರನ್ನೂ ದಯವಿಟ್ಟು ತೆಗೆಯಬೇಡಿ.